ಚೂಪು ತುದಿಯ ಬಿರುಕು

ಚಿಲೋಯೆ ದ್ವೀಪದಲ್ಲಿ ಸಂಜೆಯಿಂದ ಕರೆಂಟಿಲ್ಲ.
ಗಾಳಿ ತಗಡಿನ ಮಾಡನ್ನು ಹಿಡಿದು ಜಗ್ಗುತ್ತಿದೆ.
ಎರ್ಮೆಲಿಂದ ಅತ್ತೆ ಕಾವುಪೆಟ್ಟಿಗೆಗೆ
ತಾನು ಹೊದ್ದಿದ್ದ ಉಣ್ಣೆ ಶಾಲು ಹೊದೆಸಿದಳು,
ಸುತ್ತ ಬಿಸಿನೀರಿನ ಸೀಸೆ.

ನೀಲಿ ಮೊಟ್ಟೆ, ಹನ್ನೆರಡು. ಇಪ್ಪತ್ತೆರಡನೇ ದಿನ.
ಟಾರ್ಚಿಗೆ ಆ ನೀಲಿ ಏನನ್ನೂ ಬಿಟ್ಟುಕೊಡುವುದಿಲ್ಲ.
ಒಂದೊಂದನ್ನೇ ಕಿವಿಗೆ ಹಿಡಿದಳು.
ಒಂದರಲ್ಲಿ ಮಾತ್ರ ಚಿಂವ್,
ಅದೂ ಚೂಪು ತುದಿಯಲ್ಲಿ,
ಉಸಿರಿಗೆ ಜಾಗವೇ ಇಲ್ಲದ ಕಡೆ ಕೊಕ್ಕಿಟ್ಟಿದೆ ಪೆದ್ದು.

"ಒಡೆದುಬಿಡಲಾ?"
ನನ್ನ ಉಗುರು ಆಗಲೇ ಚಿಪ್ಪಿನ ಮೇಲಿತ್ತು.
ಫಟ್ಟನೆ ಬಿತ್ತು ಕೈಗೊಂದು.

ಅಕ್ಕಿಕಾಳಿನಷ್ಟು ಚಿಪ್ಪು ತೆಗೆದಳು ಚಿಮಟದಲ್ಲಿ.
ಒಳಪೊರೆ ಒಣಗಿ ಕಾಗದ.
ಉಗುರುಬೆಚ್ಚನೆ ನೀರಿನ ಹತ್ತಿ ಒತ್ತಿದಳು;
ಕಾಗದ ಗಾಜಾಯಿತು, ಅದರಡಿ
ಕೂದಲೆಳೆಯಷ್ಟು ಕೆಂಪು, ಇನ್ನೂ ಹರಿಯುತ್ತಿತ್ತು.
"ಅದರ ನೆತ್ತರು ಅದು ಎಳೆದುಕೊಳ್ಳಲಿ."
ಚಿಮಟ ಕೆಳಗಿಟ್ಟಳು.

ಆಮೇಲೆ ನಾವು ಮಾಡಿದ್ದೇನಿಲ್ಲ.
ಒಲೆಗೆ ಸೌದೆ, ಸೀಸೆಗೆ ನೀರು,
ಆಲೂಗಡ್ಡೆ ಸುಟ್ಟು ತಿಂದೆವು, ಉಪ್ಪು ಸಿಗಲಿಲ್ಲ.
"ನೀನೂ ಅಡ್ಡ ಬಂದವನೇ" ಅಂದಳು, ಬೆಂಕಿಗೆ ಹೇಳುವಂತೆ,
"ಕಾಸ್ತ್ರೋದ ಡಾಕ್ಟರಿಗೆ ಅವಸರ. ಇಕ್ಕಳ ಹಾಕಿಯೇಬಿಟ್ಟ."
ಕಣ್ಣಿನ ಪಕ್ಕದ ತಗ್ಗನ್ನು ಮುಟ್ಟಿಕೊಂಡೆ.
ಬಿದ್ದ ಗಾಯ ಅಂತ ಅಮ್ಮ ಹೇಳಿದ್ದಳು.

ಐದರ ಹೊತ್ತಿಗೆ ಮರಿ ತಾನೇ ಹೊರಳಿತು, ಟೋಪಿ ಕಳಚಿತು,
ಹೊರಗೆ ಬಿತ್ತು ಒದ್ದೆ ಕಾಲುಚೀಲದ ಹಾಗೆ.
ಒಂದು ಕಾಲು ಪಕ್ಕಕ್ಕೆ ಜಾರುತ್ತಿತ್ತು.
ಎರಡನ್ನೂ ಸೇರಿಸಿ ಉಣ್ಣೆದಾರ ಕಟ್ಟಿದಳು, ಸಡಿಲಾಗಿ.

ಉಳಿದವನ್ನು ಎಸೆಯಲೇ ಅಂದೆ.
ಉತ್ತರವಿಲ್ಲ.
ಒಂದನ್ನು ನನ್ನ ಕಿವಿಗೆ ಹಿಡಿದಳು,
ಗಾಳಿ ನಿಲ್ಲಲಿ ಎಂದು ಕಾಯುತ್ತ.