ಶನಿವಾರದವನ ಹೆಬ್ಬೆಟ್ಟು

ಅಪ್ಪನ ಹೆಸರಲ್ಲಿರುವ ಐದು ಸೆಂಟ್ಸಿನ ಹಕ್ಕುಪತ್ರ
ನನ್ನ ಹೆಸರಿಗಾಗಲು ವಂಶಾವಳಿ ಬೇಕಂತೆ.
ಕಾಪುವಿನ ನಾಡಕಚೇರಿಯ ಹುಡುಗ
ಹಾಳೆಯ ನೆತ್ತಿಗೊಂದು ಚೌಕ ಬರೆದು
ಕೆಳಗೆ ಮೂರು ಗೆರೆ ಇಳಿಸಿ
‘ಇಲ್ಲಿ ಮೂಲಪುರುಷ’ ಅಂದ.

ಮೂಲ.
ಆ ಶಬ್ದದ ಪರಿಚಯ ನಮಗೆ ಮೊದಲೇ ಉಂಟು.
ಅಜ್ಜ ಮೂಲದಾಳು.
ಗದ್ದೆ ಕೈ ಬದಲಾದಾಗ
ಕೋಣ, ನೊಗ, ನೀರೆತ್ತುವ ಏತದ ಜೊತೆ
ಅವನೂ ಬದಲಾಗುತ್ತಿದ್ದ, ಗುಡಿಸಲು ಮಾತ್ರ ಅಲ್ಲೇ.

ಹೆಸರು ತನಿಯ.
ಶನಿವಾರ ಹುಟ್ಟಿದ್ದಕ್ಕೆ ತನಿಯ.
ಅವನಪ್ಪ ತುಕ್ರ, ಶುಕ್ರವಾರದವನು.
ಅದಕ್ಕೂ ಹಿಂದೆ ಒಬ್ಬ ಐತ ಇದ್ದ ಎನ್ನುತ್ತಾಳೆ ಗುರುವು ಅತ್ತೆ,
ಇಬ್ಬರಿದ್ದರೂ ಇರಬಹುದು.
ಒಬ್ಬನಿಗೆ ಬದುವಿನಲ್ಲಿ ಹಾವು ಕಚ್ಚಿತು,
ಇನ್ನೊಬ್ಬ ರಾತ್ರೋರಾತ್ರಿ ಜೆಪ್ಪುವಿನ ಹೆಂಚಿನ ಕಾರ್ಖಾನೆಗೆ ಓಡಿದ.
ದೊಡ್ಡವನು ಯಾರು, ಓಡಿದವನು ಯಾರು,
ಕೇಳಿದಾಗಲೆಲ್ಲ ಅದಲುಬದಲು.

ಇಸವಿ ಇಲ್ಲ, ತಿಂಗಳಿಲ್ಲ,
ವಾರ ಮಾತ್ರ ಖಚಿತ.
ಹೆತ್ತು ವಾರ ತುಂಬುವ ಮೊದಲೇ ಮತ್ತೆ ಕೆಸರಿಗಿಳಿದವಳಿಗೆ
ನೆನಪಿಡಲು ಅಷ್ಟೇ ಪುರುಸೊತ್ತು.

ಅಪ್ಪ ಅಂಗಾರ.
ಶಾಲೆಯ ಮಾಸ್ತರು ‘ಇದೆಂಥ ಹೆಸರು ಮಾರಾಯ’ ಎಂದು
ಆನಂದ ಅಂತ ಬರೆದರು, ಹುಟ್ಟಿದ ದಿನ
ಜೂನ್ ಒಂದು, ಐವತ್ತೆಂಟು.
ಅವತ್ತು ಸೇರಿದ ಹನ್ನೊಂದು ಮಕ್ಕಳೂ
ಜೂನ್ ಒಂದಕ್ಕೇ ಹುಟ್ಟಿದವರು.
ಮೊನ್ನೆ ಮೊಬೈಲಿನಲ್ಲಿ ಹಳೇ ಕ್ಯಾಲೆಂಡರು ತೆಗೆದು ನೋಡಿದೆ,
ಅದು ಭಾನುವಾರ.
ಅಪ್ಪ ಮಂಗಳವಾರದವನು.
ಸರ್ಕಾರದ ಲೆಕ್ಕ ಎರಡು ದಿನ ತಪ್ಪಿದೆ,
ಎರಡು ವರ್ಷವೂ ಇರಬಹುದು.

ಉಡುಪಿಯ ದಾಖಲೆ ಕೋಣೆಯಲ್ಲಿ
ಲವೀನಾ ಬಾಯಿ ಮೂಗಿಗೆ ಸೆರಗು ಹಿಡಿದು
ಕೆಂಪು ಬಟ್ಟೆಯ ಕಟ್ಟು ಬಿಚ್ಚಿದರು.
ಭೂ ನ್ಯಾಯಮಂಡಳಿ. ಏಳನೇ ನಮೂನೆ.
ಅರ್ಜಿದಾರರು ಗೇಣಿ ಒಕ್ಕಲು ಕಾಂತಪ್ಪ ಶೆಟ್ಟರು.
‘ಸದರಿ ಜಮೀನನ್ನು ಇವರು ಖುದ್ದು
ಸಾಗುವಳಿ ಮಾಡಿಕೊಂಡು ಬಂದಿರುತ್ತಾರೆ.
ನಾನು ಕಣ್ಣಾರೆ ಕಂಡು ಬಲ್ಲೆ.
ಸಾಕ್ಷಿ, ತನಿಯ.’

ಖುದ್ದು.
ಮೂರು ಸಲ ಓದಿದೆ ಆ ಎರಡಕ್ಷರ.
ಬಾಕಿಮಾರನ್ನು ಎಣೆಲಿಗೆ ಉತ್ತವನು,
ಸುಗ್ಗಿ ಬೆಳೆಗೆ ತೋಡಿಗೆ ಕಟ್ಟ ಹಾಕಿ
ನೀರನ್ನು ಮಜಲಿಗೆ ಒಲಿಸಿಕೊಂಡವನು,
ಏಡಿ ಯಾವ ಮೂಲೆಯಲ್ಲಿ ಬದು ಕೊರೆಯುತ್ತದೆಂದು
ಕತ್ತಲಲ್ಲಿ ಅಂಗಾಲಿನಿಂದ ಬಲ್ಲವನು
ಇನ್ನೊಬ್ಬರು ಉತ್ತಿದ್ದಾರೆಂದು
ಸಾಕ್ಷಿ ಹೇಳಿದ್ದಾನೆ.

ಸಿಟ್ಟು ಬರಬೇಕಿತ್ತು.
ಕೆಳಗೆ ಅವನ ಹೆಬ್ಬೆಟ್ಟಿತ್ತು.
ಮಾಸಿದ ನೇರಳೆ ಶಾಯಿ, ಸುಳಿಸುಳಿ ಗೆರೆ,
ನಡುವೆ ಅಡ್ಡಕ್ಕೊಂದು ಬಿಳಿ ಗೀರು:
ಕೊಯ್ಲಿನ ಕತ್ತಿ ತಾಗಿದ್ದು.
ಒಂದು ಫೋಟೋ ಇಲ್ಲದ ಅಜ್ಜನ ಮುಖ
ನಾನು ನೋಡಿದ್ದು ಇದೇ ಮೊದಲು.

ಅತ್ತೆಗೆ ಹೇಳಿದೆ.
ಅವಳಿಗೆ ಆ ದಿನ ನೆನಪುಂಟು, ಬೇರೆ ಕಾರಣಕ್ಕೆ.
ಶೆಟ್ಟರು ಪೇಟೆಯಲ್ಲಿ ಚಾ, ಬನ್ಸು ಕೊಡಿಸಿದರಂತೆ,
ಅಜ್ಜ ಚಾ ಮಾತ್ರ ಕುಡಿದು
ಬನ್ಸನ್ನು ಬೈರಾಸಿನ ತುದಿಗೆ ಕಟ್ಟಿಕೊಂಡು
ನಡೆದೇ ಬಂದನಂತೆ.
‘ಒಳಗೆ ಬಾಳೆಹಣ್ಣಿನ ಪರಿಮಳ’ ಅಂದಳು,
‘ಸ್ವಲ್ಪ ಬೆವರಿನದ್ದೂ.’

ದಾಖಲೆ ಇಲ್ಲದವರಿಗೆ ಅಫಿಡವಿಟ್ಟು.
ಬದುಕಿರುವ ಹಿರಿಯರು ಬಂದು ಬೆರಳು ಒತ್ತಬೇಕು.
ಅತ್ತೆ ಇದ್ದುದರಲ್ಲಿ ಹೊಸ ಸೀರೆ ಉಟ್ಟು ಬಂದಳು,
ಪುಟ್ಟ ಯಂತ್ರದ ಹಸಿರು ಬೆಳಕಿಗೆ ಹೆಬ್ಬೆಟ್ಟು ಕೊಟ್ಟಳು.
‘ಗೆರೆ ಬರುವುದಿಲ್ಲ’ ಅಂದ ಹುಡುಗ. ‘ಮತ್ತೆ ಒತ್ತಿ.’
ಒರೆಸಿ ಒತ್ತಿದಳು. ಇನ್ನೊಂದು ಬೆರಳು. ಮತ್ತೆ.
ಐವತ್ತು ಮಳೆಗಾಲದ ನೀರಲ್ಲಿ ನೆನೆದು,
ಉಳಿದ ತಿಂಗಳು ಬೀಡಿ ಸುತ್ತಿ
ನುಣ್ಣಗಾದ ಬೆರಳು.

ಐದನೆಯ ಸಲಕ್ಕೆ ಅತ್ತೆ ಕೈ ಹಿಂದೆಗೆದಳು.
‘ಇಷ್ಟು ವರ್ಷ ನೇಜಿ ನೆಟ್ಟೆ ಮಗಾ,
ಯಾವುದಕ್ಕೂ ಎರಡು ಸಲ ಒತ್ತಿದ್ದಿಲ್ಲ.’

ಹುಡುಗನಿಗೆ ಬೇಸರವಾಯಿತೇನೋ,
ನಾಳೆ ಬನ್ನಿ ಅಂದ.
ಆಮೇಲೆ ಗೋಡೆ ನೋಡಿ,
ಅಲ್ಲ, ನಾಳೆ ಎರಡನೇ ಶನಿವಾರ,
ಸೋಮವಾರ ಬನ್ನಿ.