ಅರ್ತು ಸಿಗದ ದೀಪ

"ಬಲ್ಬೇ ಹೋದದ್ದು ಮಾರಾಯ್ರೆ" ಎಂದ ಲೋಹಿತಾಕ್ಷ ಕುಂದರ್.
ಹೆಸರಿಗೆ ತಕ್ಕ ಹಾಗೆ ಕೆಂಪು ಕಣ್ಣು,
ಮಲ್ಪೆಯಿಂದ ರಾತ್ರಿ ಎರಡಕ್ಕೆ ಹೊರಟವನದು.
ಒಂದೇ ತಿಂಗಳಲ್ಲಿ ಮೂರು ಸಲ ಹಾಕಿಸಿದ್ದಾನೆ.
ಬಿಚ್ಚಿದ ಬಲ್ಬುಗಳನ್ನು ಜೇಬಿನಿಂದ ತೆಗೆದು
ನನ್ನ ಅಂಗೈಗಿಟ್ಟ,
ಹಾಲುಹಲ್ಲಿನ ಹಾಗೆ.

ಎಲ್ಲವೂ ಚೆನ್ನಾಗಿದ್ದವು.

ತೀರ್ಥಹಳ್ಳಿಯ ಕೊಪ್ಪ ಸರ್ಕಲ್ಲಿನ ಹಿಂದೆ ನನ್ನ ಶೆಡ್ಡು.
ಓಮ್ನಿ ಬರುವ ಮೊದಲೇ ಅದರ ವಾಸನೆ ಬಂದಿತ್ತು.
ನಾನು ಮೀನು ತಿನ್ನುವ ಮನೆಯವನಲ್ಲ.
ಬಾಯಿಂದ ಉಸಿರಾಡುತ್ತ
ಬಂಪರಿನ ಮುಂದೆ ಕುಕ್ಕರುಗಾಲಲ್ಲಿ ಕೂತೆ.

ಸ್ವಿಚ್ಚು ಒತ್ತಪ್ಪ ಎಂದೆ.
ಸೀಟಿನಡಿ ರಿಲೇ ಟಕ್ ಅಂತು. ಅಂದರೆ ಮಾತು ಕೇಳಿಸಿದೆ.
ದೀಪ ಮಾತ್ರ, ಜ್ವರ ಬಿಟ್ಟ ಮಗುವಿನ ಹಾಗೆ,
ಅರ್ಧ ಕಣ್ಣು ಬಿಟ್ಟು ಅಷ್ಟಕ್ಕೇ ಸುಸ್ತಾಯಿತು.
ಎಡದ್ದೂ ಹಾಗೇ, ಬಲದ್ದೂ ಹಾಗೇ.
ಎರಡು ಬಲ್ಬು ಒಂದೇ ದಿನ ಸಾಯುವುದು ಅಪರೂಪ,
ಗಂಡ ಹೆಂಡಿರ ಥರವೇ.

"ಇಷ್ಟು ಬೆಳಕಲ್ಲಿ ಘಾಟಿ ಹ್ಯಾಗೆ ಹತ್ತಿದೆ ಮಾರಾಯ?"

"ಹೈಬೀಮು ಹಾಕಿದೆ.
ಎದುರಿಗೆ ಬಿಳಿ ಗೋಡೆ ಎದ್ದು ನಿಂತ ಹಾಗೆ ಆಯ್ತು.
ಏಳನೇ ತಿರುವಿನಲ್ಲಿ ಜೊತೆಗಿದ್ದ ಹುಡುಗ ಇಳಿದು
ಮೊಬೈಲ್ ಟಾರ್ಚ್ ಹಿಡಿದು ಮುಂದೆ ಮುಂದೆ ನಡೆದ.
ನಾನು ಅವನ ಹವಾಯಿ ಚಪ್ಪಲಿ ನೋಡಿಕೊಂಡು ಬಂದೆ."

ದೂರ ನೋಡುವ ದೀಪ ಮಂಜಿಗೆ ಆಗಿಬರುವುದಿಲ್ಲ.
ತಲೆ ತಗ್ಗಿಸಿಕೊಂಡು
ಟಾರಿನ ಅಂಚು, ಮೋರಿಯ ಬಾಯಿ, ಒಂದು ಬಿಳಿ ಗೆರೆ
ಇಷ್ಟನ್ನು ತೋರಿಸಿದರೆ ಸಾಕು.

ಶಿವಮೊಗ್ಗದಲ್ಲಿ ಕೆಲಸ ಕಲಿಸಿದ ಬುಡನ್ ಉಸ್ತಾದ್ ಕೊಟ್ಟ ಟೆಸ್ಟರು:
ಮಸೆದ ಸೈಕಲ್ ಕಡ್ಡಿ, ಇಂಡಿಕೇಟರ್ ಬಲ್ಬು, ಮೊಸಳೆ ಕ್ಲಿಪ್ಪು.
ಕ್ಲಿಪ್ಪನ್ನು ಬ್ಯಾಟರಿಯ ಮೈನಸ್ಸಿಗೆ ಕಚ್ಚಿಸಿ
ದೀಪದ ಪ್ಲಗ್ಗಿಗೆ ಚುಚ್ಚಿದೆ. ಝಗ್ಗನೆ ಉರಿಯಿತು.
ಪ್ಲಗ್ಗಿನದೇ ಕಪ್ಪು ವೈರಿಗೆ ಕಚ್ಚಿಸಿ ನೋಡಿದೆ.
ಮಿಣ್ಣಗೆ.

ಕರೆಂಟು ಬರುತ್ತಿದೆ. ವಾಪಸ್ ಹೋಗಲು ದಾರಿಯಿಲ್ಲ.
ಉಸ್ತಾದ್ ಇದ್ದಿದ್ದರೆ ಬೀಡಿಯನ್ನು ಬಾಯಿಯ ಇನ್ನೊಂದು ಮೂಲೆಗೆ ಸರಿಸಿ
"ನೆಂಟರನ್ನ ಕರೆಸೀಯಪ್ಪ, ಕಳಿಸೋಕೆ ಬಸ್ಸೇ ಇಲ್ಲ" ಅನ್ನುತ್ತಿದ್ದರು.

ಕಪ್ಪು ವೈರು ಹಿಡಿದು ಹೋದೆ.
ಫಿಟ್ ಮಾಡಿದ ಪುಣ್ಯಾತ್ಮ ಅದನ್ನು ಮ್ಯಾಟಿನ ಕೆಳಗೆ ಎಳೆದು
ಹಿಂದಿನ ಯಾವುದೋ ಬೋಲ್ಟಿಗೆ ಸುತ್ತಿ ಕೈ ತೊಳೆದುಕೊಂಡಿದ್ದ,
ಸರಿಯಾಗಿ ಮೀನಿನ ಕ್ರೇಟಿನಡಿ.
ಐಸು ಕರಗಿ, ತಿರುವಿಗೊಮ್ಮೆ ತುಳುಕಿ,
ಮೂರು ವರ್ಷ ಉಪ್ಪುನೀರು ಕುಡಿದ ಬೋಲ್ಟು
ಮುಟ್ಟಿದರೆ ಹುರಿಟ್ಟಿನ ಹಾಗೆ ಉದುರಿತು.
ಬೆರಳಿಗೆ ಅಂಟಿದ್ದನ್ನು ಮೂಸಿ ನೋಡಿ
"ಸಮುದ್ರವೇ ಅಲ್ವಾ ಇದು" ಎಂದ ಲೋಹಿತಾಕ್ಷ,
ಸ್ವಲ್ಪ ನಾಚಿಕೊಂಡು,
ಮನೆಯವರೇ ಯಾರೋ ತಪ್ಪು ಮಾಡಿದ ಹಾಗೆ.

ಮುಂದುಗಡೆ ಒಣಗಿದ ಜಾಗ ಹುಡುಕಿದೆ.
ಪೇಂಟು ಕೆರೆದು, ತಗಡು ಬೆಳ್ಳಗೆ ಕಾಣುವ ತನಕ ಉಜ್ಜಿ,
ಲಗ್ಗು ಒತ್ತಿ, ಬೋಲ್ಟು ಬಿಗಿದು, ಮೇಲಿಷ್ಟು ಗ್ರೀಸು.
ಸ್ವಿಚ್ಚು.
ಗೋಡೆಯ ಬುಡದಲ್ಲಿ, ಮೊಣಕಾಲಿನ ಎತ್ತರಕ್ಕೆ,
ಹಳದಿ ಚಾಪೆ ಎರಡು ಬಿಚ್ಚಿಕೊಂಡವು.

ಎಷ್ಟಾಯ್ತು ಎಂದ. ಇನ್ನೂರು ಎಂದೆ.
ಬಲ್ಬಿಗೇ ಒಂಬೈನೂರು ಸುರಿದವನಿಗೆ
ಇನ್ನೂರರಲ್ಲಿ ನಂಬಿಕೆ ಬರಲಿಲ್ಲ.
ನನಗೂ ಅಷ್ಟೆ.
ಮಟಮಟ ಮಧ್ಯಾಹ್ನ ಫಾಗ್ ಲೈಟನ್ನು ಪರೀಕ್ಷೆ ಮಾಡುವುದು ಹೇಗೆ?
ಅದಕ್ಕೆ ಮಂಜೇ ಬರಬೇಕು.

ರಾತ್ರಿ ಮೂರೂವರೆಗೆ ಎಚ್ಚರವಾಯಿತು.
ಸೋಮೇಶ್ವರ ದಾಟಿರಬಹುದು.
ಈಗ ಏಳನೇ ತಿರುವು.
ಫೋನನ್ನು ತಲೆದಿಂಬಿನ ಹತ್ತಿರ ಎಳೆದುಕೊಂಡೆ.
ಬರಲಿಲ್ಲ.
ನಮ್ಮ ಕೆಲಸದಲ್ಲಿ ಹೊಗಳಿಕೆ ಬರುವುದು ಹೀಗೆ, ಬಾರದೆ.

ಬೆಳಿಗ್ಗೆ ಶಟರಿನ ಹಿಡಿಗೆ ಪ್ಲಾಸ್ಟಿಕ್ ಚೀಲ ನೇತಾಡುತ್ತಿತ್ತು.
ಆರು ಬಂಗುಡೆ, ಐಸಿನ ಜೊತೆ.
ಪಂಕ್ಚರ್ ಅಂಗಡಿಯ ಡೆನ್ನಿಸನಿಗೆ ಕೊಟ್ಟುಬಂದೆ.
ಚೀಲದಿಂದ ತೊಟ್ಟಿಕ್ಕಿದ ನೀರು
ಬೀಗದ ಮೇಲೆ ಬಿದ್ದಿತ್ತು.
ಎರಡು ಸಲ ಒರೆಸಿದೆ.