ಎಡಗಡಿ ಕಿಸೆ

ಚಿಲ್ಲರೆ ಇಲ್ರೀ, ಟಿಕೇಟಿನ ಹಿಂದ ಬರದೀನಿ,
ಇಳಿವಾಗ ಇಸ್ಕೊಳ್ರಿ.
ಹದಿನೆಂಟು ವರ್ಷ ಇದೊಂದೇ ಮಾತು,
ಬೀದರದಿಂದ ಚಿಟಗುಪ್ಪಾಕ್ಕ, ಚಿಟಗುಪ್ಪಾದಿಂದ ಬೀದರಕ್ಕ.
ಸುಳ್ಳಂತೂ ಅಲ್ಲ.
ಇಳಿವಾಗ ಗದ್ದಲ ಇರ್ತದ, ಮಂದಿ ಮರೀತಾರ,
ಮರೆತದ್ದು ಬಂದು ಎಡಗಡಿ ಕಿಸೆಗೆ ಬೀಳ್ತದ.
ಚರ್ಮದ ಚೀಲ ನಿಗಮದ್ದು, ಕಿಸೆ ನಂದು.

ನಾ ಕಳ್ಳ ಅಲ್ಲ ಅಂತಿದ್ದೆ.
ಕಳ್ಳ ಕೈ ಹಾಕ್ತಾನ,
ನಾ ಬರೇ ಸುಮ್ಮನಿರ್ತೀನಿ.

ಹೆಣ್ಮಕ್ಕಳಿಗೆ ಟಿಕೇಟು ಫ್ರೀ ಆದ ಮ್ಯಾಲ
ನನ್ನ ಪಾಪ ಅರ್ಧಕ್ಕ ಇಳೀತು.
ಅದು ಪರಿಶುದ್ಧಾತ್ಮನ ಕೆಲಸ ಅಲ್ಲ, ಸರಕಾರದ್ದು.
ಉಳಿದರ್ಧ ಗಂಡಸರ ಮ್ಯಾಲ ನಡದೇ ಇತ್ತು.

ಮನ್ನಾಏಖೇಳಿಯಾಗ ಒಬ್ಬ ಮುದುಕ ಇಳಿದ,
ತಲಿ ಮ್ಯಾಲ ತೊಗರಿ ನುಚ್ಚಿನ ಗಂಟು.
ಅವಂದು ಎಂಟು ರೂಪಾಯಿ.
ನಾ ಸೀಟಿ ಹೊಡದೆ.
ಗಂಟು ಹಿಡಕೊಂಡೇ ಬಸ್ಸಿನ ಹಿಂದ ಓಡಿದ,
ಒಂದು ಕೈ ಎತ್ತಿದ.
ನಾನೂ ಕೈ ಎತ್ತಿದೆ,
ಬೀಗರನ್ನ ಬೀಳ್ಕೊಟ್ಟಂಗ.
ಮೌಲಾಲಿ ಕನ್ನಡ್ಯಾಗ ನೋಡಿ ಗೇರ್ ಬದಲಿಸಿದ,
ಏನೂ ಅನಲಿಲ್ಲ.

ಐತವಾರ ಚರ್ಚಿನಾಗ ಕಾಣಿಕಿ ಚೀಲ ಬಂತು.
ಐದರದೊಂದು, ಎರಡರದೊಂದು, ಒಂದರದೊಂದು,
ಮಖಮಲ್ಲಿನಾಗೂ ಸಪ್ಪಳ ಮಾಡಿದವು.
ಪಾಸ್ಟರು ಅವತ್ತು ಮನ್ನದ ಪಾಠ ತಗೊಂಡಿದ್ರು:
ಅವತ್ತಿಂದು ಅವತ್ತಿಗೆ,
ಮರುದಿನಕ್ಕ ಇಟ್ಟರ ಹುಳ.
ಮನ್ನ ಅಂದಾಗೆಲ್ಲ ನನಗ ಸ್ಟೇಜಿನ ಹೆಸರೇ ಕೇಳಿಸ್ತು,
ಎಡಗಡಿ ಎದಿ ಮ್ಯಾಲ
ಏನೋ ಮಿಸುಕಿದಂಗಾತು.

ಮನಿಗೆ ಬಂದು ಸುಗಂಧಾಗ ಎಲ್ಲ ಹೇಳಿದೆ.
ಅಳಲಿಲ್ಲ, ಬೈಯಲಿಲ್ಲ.
ಅನ್ನ ಬಸಿದಿಟ್ಟು, ಗೂಟದ ಮ್ಯಾಲಿನ ಖಾಕಿ ಅಂಗಿ ತಗೊಂಡು
ಕಿಸೆ ಬಾಯಿ ಹೊಲಿದಳು.
ಖಾಕಿ ದಾರ ಇದ್ದಿಲ್ಲ. ಕೆಂಪು.
'ಪ್ರಾರ್ಥನಿ ಮಾಡೂದಿಲ್ಲೇನು?' ಅಂದೆ.
'ಮಾಡ್ಲಿಕತ್ತೀನಲ್ಲ' ಅಂದಳು,
ದಾರ ಹಲ್ಲಿಲೆ ಕಡಿದು.

ಇದೆಲ್ಲ ಕೈಗೆ ಗೊತ್ತಿದ್ದಿಲ್ಲ.
ಕಮಠಾಣ ಬರೂದ್ರಾಗ ಏಳು ಸಲ ಹೋತು,
ಏಳು ಸಲವೂ ಹೊಲಿಗಿ ಮುಟ್ಟಿ ವಾಪಸ್ ಬಂತು,
ಅಗಳಿ ಹಾಕಿದ ಮನಿ ಮುಂದಿಂದ ನಾಯಿ ಬಂದಂಗ.
ಮುಂದಿನ ಸಲ ಬೆರಳು ಅಲ್ಲೇ ನಿಂತಾಗ
'ಸ್ವಾಮೀ' ಅಂದೆ.
ಅಷ್ಟೇ. ಮುಂದಿನ ಮಾತು ಸಿಗಲಿಲ್ಲ.
ಸಿಕ್ಕ ಮಾತು ಜೋರಾಗಿ ಕೂಗಿದೆ:
ಚಿಲ್ಲರೆ ಯಾರದ್ ಉಳದದ್ರೀ?
ಮೌಲಾಲಿ ಗಾಬರ್ಯಾಗಿ ಬ್ರೇಕ್ ಹಾಕಿದ.

ಗೆದ್ದೆ ಅಂತ ಹೇಳಬ್ಯಾಡ್ರಿ.
ಅಂಗಿ ಕಿಸೆ ಹೊಲಿದಿತ್ತು,
ಪ್ಯಾಂಟಿಂದು ಹೊಲಿದಿದ್ದಿಲ್ಲ.
ಹನ್ನೊಂದು ರೂಪಾಯಿ, ಐಟಿಐ ಹುಡುಗಂದು.
ಮರುದಿನ ಹುಡುಕಿದೆ, ಸಿಗಲಿಲ್ಲ.
ಮುದುಕನೂ ಸಿಕ್ಕಿಲ್ಲ ಇನ್ನಾ.
ಬಸ್ಸು ಮನ್ನಾಏಖೇಳಿಯಾಗ ನಿಂತಾಗೆಲ್ಲ
ಮೊದಲು ನಾನೇ ಇಳೀತೀನಿ,
ತಲಿ ಮ್ಯಾಲ ಗಂಟಿದ್ದವರ ಮುಖ ನೋಡ್ತೀನಿ.

ಈಗ ಕೈ ತಾನೇ ಹೋಗ್ತದ ಅಲ್ಲಿಗೆ,
ಹಳೇ ಹಾದಿ, ಹಳೇ ಚಟ.
ಹೋಗಿ ಹೊಲಿಗಿ ಮುಟ್ತದ, ಬಾಯಿ ಆ ಹೆಸರು ಹೇಳ್ತದ.
'ಎದಿ ನೋಯ್ತದೇನ್ರೀ ಅಂಕಲ್?' ಅಂತ
ಕಿಟಕಿ ಸೀಟಿನ ಹುಡುಗಿ ಕೇಳಿತು.
ಹೂಂ ಅವ್ವಾ, ಸ್ವಲ್ಪ.

ಈ ವರ್ಷ ಹೊಸಾ ಖಾಕಿ ಕೊಟ್ಟಾರ,
ಗಂಜಿ ವಾಸನಿ ಇನ್ನಾ ಹೋಗಿಲ್ಲ, ಕಿಸೆ ಬಾಯಿ ತೆರದದ.
ಸುಗಂಧಾನ ಮುಂದ ಹಿಡದೆ.
'ಈ ಸಲ ನೀವೇ ಹೊಲೀರಿ' ಅಂದಳು,
ಸೂಜಿ ಕೈಗಿಟ್ಟು ಮಲಗಿದಳು.
ಚಾಳೀಸು ಹಾಕ್ಕೊಂಡು ದೀಪದ ಕೆಳಗ ಕುಂತೀನಿ.
ದಾರದ ತುದಿ ಎಂಜಲಾ ಮಾಡಿ, ಚೂಪು ಮಾಡಿ,
ಇದು ನಾಕನೇ ಸಲ.
ಸೂಜಿ ಕಣ್ಣು ಇಷ್ಟು ಸಣ್ಣದಿರ್ತದಂತ ಗೊತ್ತಿದ್ದಿಲ್ಲ.
ಮುಂಜಾನಿ ಐದೂವರೆಗೆ ಮೊದಲನೇ ಬಸ್ಸು.